ಹಳೆಯ ವಿದ್ಯಾರ್ಥಿಗಳ ಹಣ ಎಲ್ಲಿಗೆ ತಲುಪಬೇಕು

ಕೇಳುಗರಿಗೆ ನಮಸ್ಕಾರ.

ವಿಶ್ವವಿದ್ಯಾಲಯದಲ್ಲಿ ಓದಿ ಹೋದವರು ಮುಂದೊಂದು ದಿನ ಅದಕ್ಕೆ ಹಣ ಕೊಡುವುದುಂಟು. ಕೆಲವರು ಕೋಟಿಗಟ್ಟಲೆ ಕೊಡುತ್ತಾರೆ. ಅದು ಪತ್ರಿಕೆಯಲ್ಲಿ ಬರುತ್ತದೆ. ಇನ್ನು ಎಷ್ಟೋ ಮಂದಿ ಕೈಲಾದಷ್ಟು ಕೊಡುತ್ತಾರೆ. ಅದು ಎಲ್ಲೂ ಬರುವುದಿಲ್ಲ. ಈ ಹಣ ಈಗ ಓದುತ್ತಿರುವ ಹುಡುಗ ಹುಡುಗಿಯರ ಕೈಗೆ ಹೇಗೆ ತಲುಪುತ್ತದೆ, ಎಲ್ಲಿ ತಲುಪದೆ ನಿಂತುಬಿಡುತ್ತದೆ ಅನ್ನುವುದನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತಿದ್ದೇನೆ.

ಕೊಟ್ಟ ಹಣವನ್ನು ಆ ವರ್ಷವೇ ಖರ್ಚು ಮಾಡಬಹುದು. ಇಲ್ಲವೇ ದತ್ತಿನಿಧಿಯಾಗಿ ಇಡಬಹುದು. ದತ್ತಿ ಅಂದರೆ ಅಸಲು ಮುಟ್ಟುವ ಹಾಗಿಲ್ಲ, ಅದರಿಂದ ಹುಟ್ಟಿದ ಆದಾಯದಲ್ಲಿ ಕೆಲಸ ನಡೆಯಬೇಕು. ದೊಡ್ಡ ನಿಧಿ ಇರುವ ಅನೇಕ ವಿಶ್ವವಿದ್ಯಾಲಯಗಳು ವರ್ಷಕ್ಕೆ ನೂರಕ್ಕೆ ನಾಲ್ಕೋ ಐದೋ ಪಾಲು ಮಾತ್ರ ತೆಗೆಯುತ್ತವೆ. ಉಳಿದದ್ದು ಅಲ್ಲೇ ಬೆಳೆಯಬೇಕು. ಇಲ್ಲದಿದ್ದರೆ ಬೆಲೆ ಏರುತ್ತಾ ಹೋಗಿ, ಇವತ್ತು ಪೂರ್ತಿ ಫೀಸಿಗೆ ಸಾಕಾಗುವ ವಿದ್ಯಾರ್ಥಿವೇತನ ಇಪ್ಪತ್ತು ವರ್ಷದ ಮೇಲೆ ಪುಸ್ತಕಕ್ಕೂ ಸಾಲುವುದಿಲ್ಲ.

ಇದು ಬಹಳ ಹಳೆಯ ಪದ್ಧತಿ. 1643ರಲ್ಲಿ ಆ್ಯನ್ ರಾಡ್‌ಕ್ಲಿಫ್ ಎಂಬ ಲಂಡನ್ನಿನ ಮಹಿಳೆ ಹಾರ್ವರ್ಡ್ ಕಾಲೇಜಿಗೆ ನೂರು ಪೌಂಡ್ ಕೊಟ್ಟರು. ಅದರ ಆದಾಯದಲ್ಲಿ ಒಬ್ಬ ಬಡ ವಿದ್ಯಾರ್ಥಿ ಓದಬೇಕು ಅನ್ನುವುದು ಅವರ ಇಚ್ಛೆ. ಅವರೇನೂ ಅಲ್ಲಿ ಓದಿದವರಲ್ಲ. ಹೆಂಗಸರಿಗೆ ಆಗ ಅಲ್ಲಿ ಪ್ರವೇಶವೇ ಇರಲಿಲ್ಲ. ಓದಿದವರು ಪ್ರತಿ ವರ್ಷ ಒಂದಿಷ್ಟು ಕೊಡುವ ಏರ್ಪಾಡು ಬಂದದ್ದು ಬಹಳ ಆಮೇಲೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಅಂಥ ನಿಧಿ 1890ರಲ್ಲಿ ಶುರುವಾಯಿತು.

ನಮ್ಮ ದೇಶದಲ್ಲೂ ಈಗ ದೊಡ್ಡ ಮೊತ್ತಗಳು ಬರುತ್ತಿವೆ. ನಂದನ್ ನಿಲೇಕಣಿ 1973ರಲ್ಲಿ ಐಐಟಿ ಬಾಂಬೆಗೆ ಸೇರಿದವರು. ಐವತ್ತು ವರ್ಷ ತುಂಬಿದ 2023ರಲ್ಲಿ ಆ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದೇ ವರ್ಷ ಅಲ್ಲಿನ 1998ರ ಬ್ಯಾಚಿನವರು ಬೆಳ್ಳಿಹಬ್ಬಕ್ಕೆಂದು ಎಲ್ಲ ಸೇರಿ 57 ಕೋಟಿ ಕೂಡಿಸಿಕೊಟ್ಟರು. ನನಗೆ ಎರಡನೆಯ ಸುದ್ದಿಯೇ ಜಾಸ್ತಿ ಇಷ್ಟ. ಒಂದು ಬ್ಯಾಚಿನಲ್ಲಿ ಎಲ್ಲರೂ ಕೋಟ್ಯಧಿಪತಿಗಳಾಗಿರುವುದಿಲ್ಲ ಅಲ್ವಾ? ಜೊತೆಗೆ ಓದಿದವರು ಜೊತೆಗೂಡಿ ಕೊಡುವುದರಲ್ಲಿ ಬೇರೆಯೇ ಒಂದು ಬಲ ಇದೆ.

ಈಗ ವಿದ್ಯಾರ್ಥಿಯ ಕಡೆಯಿಂದ ನೋಡೋಣ. ಕೊನೆಯ ಸೆಮಿಸ್ಟರ್‌ನಲ್ಲಿರುವ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಚೆನ್ನಾಗಿ ಓದುತ್ತಾಳೆ. ವಿದ್ಯಾರ್ಥಿವೇತನ ಮಂಜೂರಾಗಿದೆ, ಆದೇಶದ ಪ್ರತಿ ಮೊಬೈಲಿನಲ್ಲೇ ಇದೆ. ಹಣ ಮಾತ್ರ ಖಾತೆಗೆ ಬಂದಿಲ್ಲ. ಪರೀಕ್ಷಾ ಶುಲ್ಕಕ್ಕೆ ಇವತ್ತೇ ಕೊನೆಯ ದಿನ. ಮನೆಯಲ್ಲಿ ಇದ್ದದ್ದು ಅಪ್ಪನ ಆಸ್ಪತ್ರೆ ಖರ್ಚಿಗೆ ಹೋಗಿದೆ. ಕೌಂಟರಿನಲ್ಲಿ ಕೂತವರಿಗೆ ಅವಳ ಕಷ್ಟ ಗೊತ್ತಾಗುತ್ತದೆ. ಆದರೆ ಬಾಕಿ ತೀರದೆ ಹಾಲ್‌ಟಿಕೆಟ್ ಕೊಡುವ ಅಧಿಕಾರ ಅವರಿಗಿಲ್ಲ. ಅವಳು ಗೆಳತಿಯರ ಹತ್ತಿರ ಸಾಲ ಕೇಳುತ್ತಾಳೆ. ಅವರದ್ದೂ ಹೆಚ್ಚುಕಡಿಮೆ ಇದೇ ಪಾಡು. ಆಮೇಲೆ ಒಂದು ದಿನ ಸುಮ್ನೆ ಬ್ಯಾಗು ಕಟ್ಟಿಕೊಂಡು ಊರಿಗೆ ಹೋಗುತ್ತಾಳೆ. ಮುಂದಿನ ವರ್ಷ ಬರುತ್ತೇನೆ ಅಂತ ಹೇಳಿ ಹೋದವರಲ್ಲಿ ವಾಪಸ್ ಬರದವರು ಎಷ್ಟೋ ಮಂದಿ.

ಅವಳಿಗೆ ಬೇಕಾಗಿದ್ದು ಸಣ್ಣ ಮೊತ್ತ. ಅದು ಆ ವಾರವೇ ಬೇಕಾಗಿತ್ತು. ಹಳೆಯ ವಿದ್ಯಾರ್ಥಿಗಳ ಹಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಸರ್ಕಾರದ ಹಣಕ್ಕೆ ಸುತ್ತೋಲೆ ಬೇಕು, ಅರ್ಜಿ ಬೇಕು, ಮಂಜೂರಾತಿ ಬೇಕು. ಬ್ಯಾಂಕಿನ ಸಾಲಕ್ಕೆ ಜಾಮೀನು ಬೇಕು. ದಾನಿಗಳ ಹಣದಿಂದ ಮಾಡಿದ ತುರ್ತು ನಿಧಿಗೆ ಒಬ್ಬ ಜವಾಬ್ದಾರಿ ಅಧಿಕಾರಿಯ ಸಹಿ ಸಾಕು, ನಿಯಮ ಹಾಗೆ ಬರೆದುಕೊಂಡರೆ.

ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿತು. ಫೀಸು ಬಾಕಿ ಅಂತ ಪ್ರತಿ ಸೆಮಿಸ್ಟರ್ ಅಲ್ಲಿ ಬಹಳ ಮಂದಿಯ ಹೆಸರು ತೆಗೆದುಹಾಕಬೇಕಾಗುತ್ತಿತ್ತು. ಕೆಲವರ ಬಾಕಿ ಕೆಲವೇ ನೂರು ಡಾಲರ್. 2011ರಲ್ಲಿ ಅವರು ಒಂದು ಅನುದಾನ ಶುರುಮಾಡಿದರು. ಒಬ್ಬರಿಗೆ ಹೆಚ್ಚೆಂದರೆ 2,500 ಡಾಲರ್. ಅದರಲ್ಲಿ ನನಗೆ ಹಿಡಿಸಿದ್ದು, ವಿದ್ಯಾರ್ಥಿ ಅರ್ಜಿ ಹಾಕುವ ತನಕ ಕಾಯುವುದಿಲ್ಲ. ಬಾಕಿ ಪಟ್ಟಿಯನ್ನು ಕಚೇರಿಯವರೇ ನೋಡುತ್ತಾರೆ. ಓದು ಸರಿಯಾಗಿ ನಡೆದಿದೆ, ಹಣವೊಂದೇ ತೊಡಕು ಅನ್ನುವವರನ್ನು ಗುರುತಿಸಿ ತಾವೇ ತಿಳಿಸುತ್ತಾರೆ. ಕೇಳಲು ನಾಚಿಕೊಳ್ಳುವ ಮಕ್ಕಳೇ ಎಲ್ಲರಿಗಿಂತ ಮೊದಲು ಓದು ಬಿಡುವವರು. ಹಾಗಾಗಿ ಈ ಕ್ರಮ ಎಲ್ಲ ಕಡೆ ಬರಬೇಕು.

ಪದಕಕ್ಕೆ ದತ್ತಿ ಇಡುವುದು ಒಳ್ಳೆಯ ಕೆಲಸವೇ. ಪದಕ ಪಡೆದವರ ಖುಷಿ ದೊಡ್ಡದು. ಆದರೆ ಪದಕ ಕೊನೆಯವರೆಗೆ ಓದಿ ಮೊದಲು ಬಂದವರಿಗೆ ಸಿಗುತ್ತದೆ. ನಡುವೆ ಬಿಟ್ಟುಹೋಗುವವರನ್ನು ಅದು ಉಳಿಸುವುದಿಲ್ಲ. ಅಪ್ಪ ಅಮ್ಮನ ಹೆಸರಿನಲ್ಲಿ ಏನಾದರೂ ಮಾಡಬೇಕು ಅಂದುಕೊಂಡವರು, ಅದೇ ಹೆಸರಿನಲ್ಲಿ ತುರ್ತು ನಿಧಿ ಇಡುವುದನ್ನೂ ಯೋಚಿಸಲಿ ಅನ್ನುವುದು ನನ್ನ ಕೋರಿಕೆ.

ಕಟ್ಟಡದ ಮಾತೂ ಹೀಗೆಯೇ. ಹೊಸ ಕಟ್ಟಡಕ್ಕೆ ಹೆಸರು ಕೆತ್ತಿಸುವವರು ಸಿಗುತ್ತಾರೆ. ಹತ್ತು ವರ್ಷದ ಮೇಲೆ ಅದರ ಸೂರು ಸೋರಿದರೆ, ಲಿಫ್ಟು ಕೆಟ್ಟರೆ ಯಾರು ಕೊಡುತ್ತಾರೆ? ಕಟ್ಟಡ ಕೊಡುವವರು ಅದರ ದುರಸ್ತಿಗೂ ಒಂದು ನಿಧಿ ಸೇರಿಸಿ ಕೊಡಬೇಕು.

ಓದು ಅಂದರೆ ಬರೀ ತರಗತಿ ಅಲ್ಲ, ನಿಮಗೂ ಗೊತ್ತು. ರಾತ್ರಿ ಹೊತ್ತು ತೆರೆದಿರುವ ಗ್ರಂಥಾಲಯ, ನಾಟಕ ತಂಡಕ್ಕೆ ಬೇಕಾದ ದೀಪಗಳು, ಬೇರೆ ಊರಿನ ಪಂದ್ಯಕ್ಕೆ ಹೋಗುವ ಕಬಡ್ಡಿ ತಂಡದ ಬಸ್ ಖರ್ಚು, ಭೂವಿಜ್ಞಾನದವರ ಕ್ಷೇತ್ರ ಪ್ರವಾಸ. ಬಜೆಟ್ ಬಿಗಿಯಾದರೆ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ. ಬಸ್ ಖರ್ಚಿಲ್ಲ ಅಂದರೆ ಉಳ್ಳವರ ಮಕ್ಕಳು ಸ್ವಂತ ದುಡ್ಡಿನಲ್ಲಿ ಹೋಗಿಬರುತ್ತಾರೆ. ಉಳಿದವರು ಹಾಸ್ಟೆಲ್ಲಿನಲ್ಲೇ ಇರುತ್ತಾರೆ. ಒಂದೇ ತರಗತಿಯಲ್ಲಿ ಕೂತವರ ನಡುವೆ ಹೀಗೊಂದು ಗೆರೆ ಬೀಳುತ್ತದೆ. ಷರತ್ತಿಲ್ಲದೆ ಕೊಟ್ಟ ಹಣ ಇಂಥ ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ಇಂಥದ್ದಕ್ಕೇ ಬಳಸಿ ಅಂತ ಬರೆದುಕೊಟ್ಟ ಹಣವನ್ನು ಬೇರೆ ಕಡೆ ಖರ್ಚು ಮಾಡುವಂತಿಲ್ಲ, ಪಕ್ಕದಲ್ಲೇ ಎಷ್ಟು ಅಗತ್ಯ ಇದ್ದರೂ.

ಸಣ್ಣ ಮೊತ್ತ ಕೊಡಲು ಸಂಕೋಚಪಡುವವರಿಗೆ ಅಮೆರಿಕದ ಭಾರಿ ಶ್ರೀಮಂತ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ಅವರ ಉದಾಹರಣೆ ಹೇಳುತ್ತೇನೆ. ಅವರ ತಂದೆ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು. ಮಗ ಶಿಕ್ಷಣ ಸಾಲ ಪಡೆದು, ಕ್ಯಾಂಪಸ್ಸಿನಲ್ಲೇ ಕೆಲಸ ಮಾಡುತ್ತಾ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದಿದರು. 1964ರಲ್ಲಿ ಪದವಿ ಸಿಕ್ಕಿತು. ಆಮೇಲೆ ಅವರು ಮೊದಲ ಸಲ ಕೊಟ್ಟದ್ದು ಐದು ಡಾಲರ್. 2018ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ 180 ಕೋಟಿ ಡಾಲರ್ ಕೊಟ್ಟರು, ವಿದ್ಯಾರ್ಥಿಗಳ ನೆರವಿಗೆಂದೇ. ಅದಾದ ಮೇಲೆ ಅಲ್ಲಿ ಪದವಿ ವಿದ್ಯಾರ್ಥಿಗಳ ನೆರವಿನಲ್ಲಿ ಸಾಲದ ಬದಲು ವಿದ್ಯಾರ್ಥಿವೇತನ ಬಂತು. ಎಲ್ಲರೂ ಬ್ಲೂಮ್‌ಬರ್ಗ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆ ಐದು ಡಾಲರ್ ಎಲ್ಲರಿಂದಲೂ ಆಗುತ್ತದೆ.

ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಈಗಿನ ವಿದ್ಯಾರ್ಥಿಗಳೇ ಹಳಬರಿಗೆ ಫೋನ್ ಮಾಡಿ ಸಹಾಯ ಕೇಳುತ್ತಾರೆ. ಆ ಕೆಲಸಕ್ಕೆ ಅವರಿಗೆ ಸಂಬಳವೂ ಉಂಟು. ಅಂಥ ಕರೆ ಬಂದರೆ ದಯವಿಟ್ಟು ತಟ್ಟನೆ ಕತ್ತರಿಸಬೇಡಿ. ಕೊಡಲು ಆಗದಿದ್ದರೂ ಎರಡು ಮಾತಾಡಿ. ನಿಮ್ಮ ಕ್ಷೇತ್ರದಲ್ಲಿ ಕೆಲಸ ಹೇಗೆ ಸಿಗುತ್ತದೆ ಅಂತ ಹೇಳಿದರೆ ಅದೂ ಒಂದು ಸಹಾಯವೇ.

ಒಂದು ವಿಷಯ ಮಾತ್ರ ನನಗೆ ಬಹಳ ನೋವು ತರುತ್ತದೆ. ನೆರವು ಪಡೆದ ಮಗುವನ್ನು ವೇದಿಕೆಗೆ ಕರೆದು, ದೊಡ್ಡ ಅಕ್ಷರದ ಚೆಕ್ ಹಿಡಿಸಿ ಫೋಟೊ ತೆಗೆಯುವುದು. ಬಡತನ ಇಡೀ ಕಾಲೇಜಿಗೆ ಗೊತ್ತಾಗಲಿ ಅಂತ ಯಾವ ಮಗುವೂ ಬಯಸುವುದಿಲ್ಲ. ದಾನಿಯ ಹೆಸರು ಬೇಕಾದರೆ ಹಾಕಿ. ಪಡೆದವರ ಹೆಸರು ಕಚೇರಿಯ ಕಡತದಲ್ಲೇ ಇರಲಿ.

ಕೊಡುವವರಿಗೂ ಲೆಕ್ಕ ಕೇಳುವ ಹಕ್ಕಿದೆ. ನೀವು ಓದಿದ ವಿಭಾಗ, ವರ್ಷ ಬರೆದು ಹಳೆಯ ವಿದ್ಯಾರ್ಥಿಗಳ ಸಂಘಕ್ಕೋ ಹಣಕಾಸು ವಿಭಾಗಕ್ಕೋ ಒಂದು ಪತ್ರ ಹಾಕಿ. ತುರ್ತು ನಿಧಿ ಇದೆಯಾ? ಕಳೆದ ವರ್ಷ ಎಷ್ಟು ಮಂದಿಗೆ ಕೊಟ್ಟಿರಿ? ಕೇಳಿದ ಎಷ್ಟು ದಿನಕ್ಕೆ ಹಣ ಕೈ ಸೇರಿತು? ಇಷ್ಟು ಕೇಳಿದರೆ ಸಾಕು. ನಿಧಿ ಇಲ್ಲ ಅಂದರೆ ನಿಮ್ಮ ಬ್ಯಾಚಿನವರು ಹತ್ತು ಮಂದಿ ಸೇರಿ ಶುರುಮಾಡಿಸಿ. ಹಣ ಕಳಿಸುವಾಗ ಮುಂದಿನ ಫೀಸಿನ ಗಡುವು ಯಾವತ್ತು ಅಂತ ವಿಚಾರಿಸಿ, ಅದಕ್ಕೆ ಮುಂಚೆ ಮುಟ್ಟುವ ಹಾಗೆ ಕಳಿಸಿ.

ನಮಸ್ಕಾರ.