ದ್ರವದ ಮೇಲೊಂದು ದೂರು

ಕೇಳುಗರಿಗೆ ನಮಸ್ಕಾರ.

ಹಡಗಿನಲ್ಲಿ ಕೆಲಸ ಮಾಡುವ ನನ್ನ ಸೋದರಳಿಯ ಕಳೆದ ಆಷಾಢದಲ್ಲಿ ಯಾವುದೋ ಪರದೇಶದ ಬಂದರಿನಿಂದ ಫೋನು ಮಾಡಿದ. ಕ್ಷೇಮಸಮಾಚಾರ ಆಯಿತು, ಕಾರವಾರದ ಮಳೆಯ ಸುದ್ದಿಯೂ ಆಯಿತು. ಆಮೇಲೆ ದನಿ ತಗ್ಗಿಸಿ, "ಮಾವ, ಅಮ್ಮನಿಗೆ ಮಾತ್ರ ಹೇಳಬೇಡಿ" ಎಂದು ಪೀಠಿಕೆ ಹಾಕಿದ. ಅವನ ಬಳಿ ಒಂದು ಇ-ಸಿಗರೇಟು ಇದೆಯಂತೆ. ದ್ರವವನ್ನು ಕಾಯಿಸಿ ಆವಿ ಮಾಡುವ ಸುರುಳಿ ಸುಟ್ಟುಹೋದರೆ ಹೊಸ ತಂತಿ ಸುತ್ತಿ ತಾನೇ ಕೂರಿಸಿಕೊಳ್ಳುವ ಬಗೆಯದು. ಅಂದು ಹೊಸ ಸುರುಳಿ ಬಿಗಿದು, ಅದರೊಳಗೆ ಹತ್ತಿ ತೂರಿಸಿ, ದ್ರವ ಸುರಿದಿದ್ದಾನೆ. ಗುಂಡಿ ಒತ್ತಿದರೆ ಪುಟ್ಟ ಪರದೆಯ ಮೇಲೆ ‘ಶಾರ್ಟ್’ ಎಂಬ ಬರಹ, ಅಂದರೆ ಕರೆಂಟು ಸುರುಳಿಯನ್ನು ಬಿಟ್ಟು ಅಡ್ಡದಾರಿ ಹಿಡಿದಿದೆ ಎಂದು. "ದ್ರವ ಜಾಸ್ತಿಯಾಗಿ ಕರೆಂಟು ಅದರೊಳಗಿಂದಲೇ ಹಾದುಹೋಗುತ್ತಿರಬಹುದೇ ಮಾವ?"

ಮೊದಲೇ ಹೇಳಿಬಿಡುತ್ತೇನೆ: ಈ ವಸ್ತುವಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ 2019ರ ಕಾಯ್ದೆಯಂತೆ ನಮ್ಮ ದೇಶದಲ್ಲಿ ನಿಷಿದ್ಧ. ಮೊದಲ ಸಲದ ತಪ್ಪಿಗೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕ ಸರ್ಕಾರ 2016ರಲ್ಲೇ ಇದನ್ನು ನಿಷೇಧಿಸಿತ್ತು. "ಊರಿಗೆ ಬರುವಾಗ ಅದನ್ನು ತರಬೇಡ" ಎಂದು ಅಳಿಯನಿಗೆ ಹೇಳಿದೆ. ಶ್ವಾಸಕೋಶದ ವಿಷಯದಲ್ಲಿ ಬೈಯುವ ಕೆಲಸವನ್ನು, ಗೊತ್ತಾದ ದಿನ, ನನ್ನ ಅಕ್ಕ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಆದರೆ ಮೂವತ್ತು ವರ್ಷ ಮೋಟಾರಿಗೆ ತಂತಿ ಸುತ್ತಿದವನ ಮುಂದೆ ಇಂಥ ಪ್ರಶ್ನೆ ಇಟ್ಟರೆ ಅವನು ರಾತ್ರಿ ಮಲಗುವುದು ಹೇಗೆ?

ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲ ಎಂಬುದು ಕರಾವಳಿಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಸಿಗೆಯಿಡೀ ಕಡಲ ಗಾಳಿ ಉಪ್ಪನ್ನು ತಂದು ವಿದ್ಯುತ್ ಕಂಬಗಳ ಪಿಂಗಾಣಿಗೆ ಮೆತ್ತುತ್ತದೆ. ಒಣಗಿರುವಷ್ಟು ದಿನ ಅದು ಸುಮ್ಮನಿರುತ್ತದೆ. ಮೊದಲ ತುಂತುರು ಬಿದ್ದ ರಾತ್ರಿ ಆ ಉಪ್ಪು ನೆನೆದು ಪಿಂಗಾಣಿಯ ಮೇಲೆ ಚಟಚಟ ಕಿಡಿಯಾಡುತ್ತದೆ, ಊರು ಕತ್ತಲಾಗುತ್ತದೆ. ಜಡಿಮಳೆ ಹಿಡಿದು ಪಿಂಗಾಣಿ ತೊಳೆದುಹೋದರೆ ಆ ಕಿಡಿ ನಿಲ್ಲುತ್ತದೆ! ನಾವು ನೀರನ್ನು ಬೈಯುತ್ತೇವೆ. ಕರೆಂಟನ್ನು ಹೊತ್ತು ಸಾಗಿಸಿದ್ದು ಉಪ್ಪು.

ಮರುದಿನ ಜಗಲಿಯಲ್ಲಿ ಬಟ್ಟಲುಗಳನ್ನು ಸಾಲಾಗಿ ಇಟ್ಟೆ. ಇ-ಸಿಗರೇಟಿನ ದ್ರವದಲ್ಲಿ ಮುಖ್ಯವಾಗಿ ಇರುವುದು ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಉಳಿದದ್ದು ಪರಿಮಳ ಮತ್ತು ನಿಕೋಟಿನ್. ಗ್ಲಿಸರಿನ್ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಅದು ಒಂದು ಬಟ್ಟಲಿನಲ್ಲಿ. ಇನ್ನೊಂದರಲ್ಲಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ಮಾಡಿದ ಸಕ್ಕರೆ ಪಾಕ. ಮೂರನೆಯದರಲ್ಲಿ ಶಿರಸಿಯ ಬೀಗರು ಕೊಟ್ಟ ಜೋನಿಬೆಲ್ಲ. ಕೊನೆಯದರಲ್ಲಿ ಬೆಳಗಿನ ತಿರುಗಾಟದಲ್ಲಿ ತುಂಬಿ ತಂದ ಸಮುದ್ರದ ನೀರು. ಮಲ್ಟಿಮೀಟರನ್ನು ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಪ್ಪತ್ತು ಲಕ್ಷ ಓಮ್‌ವರೆಗೆ ಅಳೆಯುವ ಮನೆಗೆ ತಿರುಗಿಸಿ, ಎರಡು ಮುಳ್ಳುಗಳನ್ನು ಬೆರಳಗಲದ ಅಂತರದಲ್ಲಿ ಗ್ಲಿಸರಿನ್ನಿನಲ್ಲಿ ಅದ್ದಿದೆ. ಪರದೆಯ ಎಡತುದಿಯಲ್ಲಿ ಒಂಟಿ ‘1’ ನಿಂತುಕೊಂಡಿತು. ನನ್ನ ಮೀಟರಿನ ಭಾಷೆಯಲ್ಲಿ ಅದಕ್ಕೆ ‘ನನ್ನ ಅಳತೆಗೆ ಮೀರಿದ್ದು’ ಎಂದು ಅರ್ಥ. ಮುಳ್ಳುಗಳನ್ನು ಗಾಳಿಯಲ್ಲಿ ಹಿಡಿದರೂ ಅದೇ ‘1’. ಸಕ್ಕರೆ ಪಾಕವೂ ಹೆಚ್ಚುಕಡಿಮೆ ಅದೇ ಜಾತಿ. ಜೋನಿಬೆಲ್ಲಕ್ಕೆ ಅದ್ದಿದಾಗ ಅಂಕಿಗಳು ಮೂಡಿದವು. ಸಮುದ್ರದ ನೀರಿನಲ್ಲಂತೂ ಓಮ್ ದಡಬಡನೆ ಇಳಿಯಿತು; ಇಳಿದ ಅಂಕಿಯೂ ಒಂದೆಡೆ ನಿಲ್ಲದೆ ಜಾರುತ್ತಲೇ ಇತ್ತು. ಮೀಟರ್ ಹರಿಸುವ ಏಕಮುಖ ಕರೆಂಟಿಗೆ ಅಯಾನುಗಳು, ಅಂದರೆ ಉಪ್ಪು ಕರಗಿ ಒಡೆದಾಗ ಆಗುವ ವಿದ್ಯುದಂಶ ಹೊತ್ತ ಕಣಗಳು, ಮುಳ್ಳಿನ ತುದಿಗೆ ಬಂದು ಗುಂಪುಗಟ್ಟುವುದರಿಂದ ಈ ಜಾರಾಟ.

ಪಾಕವೂ ಜೋನಿಬೆಲ್ಲವೂ ಸಿಹಿ, ಎರಡೂ ಅಂಟು. ಆದರೆ ಸಕ್ಕರೆ ಕರಗಿದರೂ ಅದರ ಅಣು ಒಡೆದು ಅಯಾನು ಆಗುವುದಿಲ್ಲ. ಬೆಲ್ಲದಲ್ಲಿ ಕಬ್ಬು ನೆಲದಿಂದ ಹೀರಿದ ಲವಣಗಳು ಉಳಿದುಕೊಂಡಿರುತ್ತವೆ. ಗ್ಲಿಸರಿನ್ ಸಕ್ಕರೆಯ ಕಡೆಯದು. ಲೀಟರಿಗೆ ಸುಮಾರು 35 ಗ್ರಾಂ ಲವಣ ಹೊತ್ತ ಸಮುದ್ರದ ನೀರು, ಅತಿಶುದ್ಧ ನೀರಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಚೆನ್ನಾಗಿ ವಿದ್ಯುತ್ತನ್ನು ಸಾಗಿಸುತ್ತದೆ. ವಿದ್ಯುತ್ ಸ್ಥಾವರಗಳಲ್ಲಿ ನೀರಿನ ಶುದ್ಧತೆಯ ಮೇಲೆ ಕಣ್ಣಿಡುವುದೂ ಇದೇ ಗುಣವನ್ನು ಅಳೆದು.

ಅಳಿಯ ಅಷ್ಟಕ್ಕೆ ಒಪ್ಪಲಿಲ್ಲ. "ನನ್ನ ದ್ರವದಲ್ಲಿ ನಿಕೋಟಿನ್ ಲವಣದ ರೂಪದಲ್ಲಿದೆ, ಗ್ಲಿಸರಿನ್ ಗಾಳಿಯ ತೇವವನ್ನೂ ಹೀರುತ್ತದೆ" ಎಂದು ವಾದ ಹೂಡಿದ. ಎರಡೂ ನಿಜ. ಹಾಗಾಗಿ ಒಂದಿಷ್ಟು ಅಯಾನುಗಳು ಇರುತ್ತವೆ. ಇರಲಿ. ಅವನು ಮರೆತದ್ದು ಬೇರೆಯದನ್ನು: ಸುರುಳಿಯ ರೋಧವೇ ಬರೀ ಅರ್ಧ ಓಮ್. ತುಂಬಿದ ಲಿಥಿಯಂ ಸೆಲ್ಲಿನ 4.2 ವೋಲ್ಟಿಗೆ ಅದರಲ್ಲಿ 8.4 ಆಂಪಿಯರ್ ಹರಿಯುತ್ತದೆ. ಪಕ್ಕದಲ್ಲಿರುವ ದ್ರವದ ರೋಧ ಇಪ್ಪತ್ತು ಲಕ್ಷ ಓಮ್ ಎಂದುಕೊಂಡರೆ, ಅದರೊಳಗೆ ಹರಿಯುವುದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಕಾಳಿ ನದಿ ತುಂಬಿ ಹರಿಯುವಾಗ ಪಕ್ಕದ ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತಿನಿಂದ ಎಷ್ಟು ನೀರು ಸೋರೀತು?

ಲೆಕ್ಕ ಹಾಕುತ್ತಾ ನನಗೇ ಅಚ್ಚರಿಯಾದದ್ದು ಇನ್ನೊಂದಿದೆ. ಅಲ್ಲಿ ಸಮುದ್ರದ ನೀರನ್ನೇ ಸುರಿದರೂ ಶಾರ್ಟ್ ಆಗುವುದಿಲ್ಲ. ಸೆಂಟಿಮೀಟರ್ ಅಳತೆಯ ಘನಾಕಾರದ ಸಮುದ್ರದ ನೀರಿನ ಎದುರುಬದುರು ಮುಖಗಳ ನಡುವೆ ರೋಧ ಸುಮಾರು 20 ಓಮ್. ಅರ್ಧ ಓಮ್ ತಂತಿಯ ಪಕ್ಕದಲ್ಲಿ ಅದು ಕೂತರೆ ಒಟ್ಟು ರೋಧ 0.49 ಓಮ್‌ಗೆ ಇಳಿಯುತ್ತದೆ, ಅಷ್ಟೇ. ತಂತಿ ತುಕ್ಕು ಹಿಡಿದೀತು, ಗುಳ್ಳೆ ಎದ್ದೀತು, ಆ ಮಾತು ಬೇರೆ. ಇದೆಲ್ಲ ನಾಲ್ಕು ವೋಲ್ಟಿನ ಲೆಕ್ಕ. ಇದನ್ನು ನಂಬಿ ಯಾರೂ ಮನೆಯ 230 ವೋಲ್ಟಿನ ಹತ್ತಿರ ಒದ್ದೆ ಕೈ ಚಾಚಬೇಡಿ. ಅಲ್ಲಿ ಮಿಲಿ ಆಂಪಿಯರುಗಳೇ ಪ್ರಾಣ ತೆಗೆಯುತ್ತವೆ.

ದ್ರವಕ್ಕೆ ಪೂರ್ತಿ ಖುಲಾಸೆ ಕೊಡಲಾರೆ. ಅದು ಸೋರಿ ಕೆಳಗಿನ ಸರ್ಕ್ಯೂಟ್ ಹಲಗೆಗೆ ಇಳಿದರೆ ತೊಂದರೆ ಉಂಟು. ಅಲ್ಲಿ ಕೆಲಸ ನಡೆಯುವುದೇ ತೀರಾ ಸಣ್ಣ ಕರೆಂಟಿನಲ್ಲಿ. ತೇವ, ಕೊಳೆ ಸೇರಿದ ಸಣ್ಣ ಸೋರಿಕೆಯೂ ಗುಂಡಿ ಒತ್ತಿದಂತೆ ಭ್ರಮೆ ಹುಟ್ಟಿಸಬಲ್ಲದು.

ಸುರುಳಿಯ ಶಾರ್ಟಿಗೆ ಮಾತ್ರ ಲೋಹವನ್ನೇ ಹಿಡಿದು ವಿಚಾರಿಸಬೇಕು. ಈ ತಂತಿ ಹೆಚ್ಚಾಗಿ ಕ್ಯಾಂಥಲ್, ಅಂದರೆ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿದ್ದು. ಒಮ್ಮೆ ಕಾದರೆ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆ ಬೆಳೆಯುತ್ತದೆ, ಆಮೇಲೆ ಸುರುಳಿಯ ಒಂದು ಸುತ್ತು ಇನ್ನೊಂದನ್ನು ತಾಗಿದರೂ ಅಷ್ಟೇನೂ ಬಾಧಕವಿಲ್ಲ. ಸುರುಳಿ ಬುಡದ ಲೋಹಕ್ಕೆ ತಾಗುವುದು, ತಿರುಪಿನ ಕೆಳಗಿನ ನಿರೋಧಕ ಬಿಲ್ಲೆ ಕರಗುವುದು, ಇವು ನಿಜವಾದ ಕಾರಣಗಳು. ಎಲ್ಲಕ್ಕಿಂತ ಅಪಾಯ ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿಯುವುದು. ಅದರ ಇಡೀ ಡಬ್ಬಿಯೇ ಋಣಧ್ರುವ. ಧನಧ್ರುವದ ಪಕ್ಕದಲ್ಲಿ ಹೊದಿಕೆ ಹರಿದು ಲೋಹಕ್ಕೆ ಲೋಹ ತಾಗಿದರೆ, ತಡೆಯುವ ಚಿಪ್ ಇಲ್ಲದ ಉಪಕರಣದಲ್ಲಿ ಬೆಂಕಿಯೇ ಹತ್ತಬಹುದು.

"ಫೋಟೋ ಕಳಿಸು" ಎಂದೆ. ಕಳಿಸಿದ. ಕನ್ನಡಕ ಏರಿಸಿ, ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ಬಲಗಡೆಯ ತಿರುಪಿನಿಂದ ಬೆಳ್ಳಂಜಿ ಮೀನಿನ ಮುಳ್ಳಿನಷ್ಟು ತಂತಿ ಹೊರಚಾಚಿದೆ. ಕತ್ತರಿಸುವಾಗ ಬಿಟ್ಟುಹೋದ ತುಂಡು. ಹತ್ತಿ ತೂರಿಸುವಾಗ ಬಾಗಿ ಬುಡಕ್ಕೆ ತಾಗಿದೆ. ದ್ರವ ಸುರಿದದ್ದು ಅದರ ಮರುಕ್ಷಣದಲ್ಲಿ, ಅದಕ್ಕೇ ದೂರು ದ್ರವದ ಮೇಲೆ. ಉಗುರು ಕತ್ತರಿಯಲ್ಲಿ ಅದನ್ನು ಕತ್ತರಿಸಿದನಂತೆ. ಹತ್ತಿ ತೊಯ್ದು ತೊಟ್ಟಿಕ್ಕುತ್ತಿದ್ದಾಗಲೇ ಪರದೆ 0.5 ಓಮ್ ತೋರಿಸಿತು.

ಉಳಿದ ಗ್ಲಿಸರಿನ್ ಬಾಟಲಿ ಈಗ ನನ್ನಾಕೆಯ ವಶದಲ್ಲಿದೆ, ಹಿಮ್ಮಡಿಯ ಬಿರುಕಿಗೆ. ಜೋನಿಬೆಲ್ಲದಲ್ಲಿ ಮೀಟರಿನ ಮುಳ್ಳು ಅದ್ದಿದ ವಿಷಯವನ್ನು ನಾನು ಶಿರಸಿಯ ಬೀಗರಿಗೆ ಇನ್ನೂ ತಿಳಿಸಿಲ್ಲ. ಅವರ ಮನೆಯಲ್ಲಿ ರೇಡಿಯೊ ಇದೆ.

ನಮಸ್ಕಾರ.