ರಿಯಾಯಿತಿ ಕೊಡಲಿ, ಬರೆದು ಕೊಡಲಿ

ಕೇಳುಗರಿಗೆ ನಮಸ್ಕಾರ. ಏರ್‌ಪೋರ್ಟಿನವರು ವಿಮಾನ ಕಂಪನಿಗಳಿಗೆ ಕೊಡುವ ರಿಯಾಯಿತಿಯ ಬಗ್ಗೆ ಇವತ್ತು ಒಂದು ಮಾತು.

ಮುಂಬಯಿಯಲ್ಲಿರುವ ನಾವು ಊರಿಗೆ ಹೋಗಬೇಕೆಂದರೆ ಈಗ ರೈಲಿನ ಜೊತೆ ವಿಮಾನದ ದರವನ್ನೂ ಒಮ್ಮೆ ನೋಡುತ್ತೇವೆ. ಮಂಗಳೂರೋ, ಹುಬ್ಬಳ್ಳಿಯೋ, ಬೆಳಗಾವಿಯೋ. ಒಟ್ಟು ಎಷ್ಟಾಯಿತು ಅಂತ ನೋಡಿ ದುಡ್ಡು ಕಟ್ಟಿಬಿಡುತ್ತೇವೆ. ಮುಂದಿನ ಸಲ ದಯವಿಟ್ಟು ಟಿಕೆಟ್ಟಿನ ಕೆಳಗಿನ ಸಾಲುಗಳನ್ನೂ ಓದಿ. ಅಲ್ಲಿ ಯುಡಿಎಫ್ ಅಂತ ಇರುತ್ತದೆ. ಬಳಕೆದಾರರ ಅಭಿವೃದ್ಧಿ ಶುಲ್ಕ. ವಿಮಾನ ಕಂಪನಿ ಅದನ್ನು ನಿಮ್ಮಿಂದ ತೆಗೆದುಕೊಂಡು ಏರ್‌ಪೋರ್ಟಿಗೆ ಕಟ್ಟುತ್ತದೆ.

2025ರ ಮೇ ತಿಂಗಳ ಆದೇಶದ ಪ್ರಕಾರ, ನಮ್ಮ ಹಳೆಯ ಮುಂಬಯಿ ಏರ್‌ಪೋರ್ಟಿನಿಂದ ದೇಶದೊಳಗೆ ಹೊರಟರೆ 175 ರೂಪಾಯಿ, ಬಂದಿಳಿದರೆ 75 ರೂಪಾಯಿ. ಅದೇ ವರ್ಷದ ಡಿಸೆಂಬರ್ 25ರಿಂದ ನವಿ ಮುಂಬಯಿಯಿಂದಲೂ ವಿಮಾನ ಶುರುವಾಯಿತು. ಅಲ್ಲಿಗೆ ಮೊದಲಿಗೆ ತಾತ್ಕಾಲಿಕವಾಗಿ ಒಪ್ಪಿದ ದರ ಹೊರಡಲು 620, ಇಳಿಯಲು 270. ಒಂದೇ ಊರು, ಎರಡು ಏರ್‌ಪೋರ್ಟ್. ಇಷ್ಟು ಫರಕು ಯಾಕೆ?

ಏರ್‌ಪೋರ್ಟಿನವರು ಮನಸ್ಸಿಗೆ ಬಂದಂತೆ ದರ ಹಾಕುವಂತಿಲ್ಲ. ದೊಡ್ಡ ಏರ್‌ಪೋರ್ಟುಗಳ ದರ ನಿಗದಿ ಮಾಡಲು ಒಂದು ಪ್ರಾಧಿಕಾರ ಇದೆ, ಹೆಸರು ಏರಾ. 2008ರ ಕಾಯ್ದೆಯಿಂದ ಹುಟ್ಟಿದ್ದು. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಅದು ಲೆಕ್ಕ ಹಾಕುತ್ತದೆ. ರನ್‌ವೇಗೆ, ಕಟ್ಟಡಕ್ಕೆ ಹಾಕಿದ ಬಂಡವಾಳ ಎಷ್ಟು, ಅದಕ್ಕೆ ನ್ಯಾಯವಾದ ಲಾಭ ಎಷ್ಟು, ಸವಕಳಿ ಎಷ್ಟು, ನಡೆಸುವ ಖರ್ಚು ಎಷ್ಟು. ಇದನ್ನೆಲ್ಲ ಕೂಡಿಸುತ್ತಾರೆ. ಒಳಗಿರುವ ಅಂಗಡಿ, ಹೋಟೆಲು, ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 30 ಭಾಗವನ್ನು ಅದರಲ್ಲಿ ಕಳೆಯುತ್ತಾರೆ. ಉಳಿದದ್ದನ್ನು ವಿಮಾನಗಳ ಮೇಲೆ, ನಮ್ಮ ಮೇಲೆ ಹಂಚುತ್ತಾರೆ. ಹೊಸ ಏರ್‌ಪೋರ್ಟಿನಲ್ಲಿ ಬಂಡವಾಳ ಹೊಸದು, ಜನ ಇನ್ನೂ ಬರಬೇಕು. ಹಂಚಿಕೊಳ್ಳುವ ತಲೆ ಕಡಿಮೆ, ಹಾಗಾಗಿ ತಲೆಗೆ ಬೀಳುವ ಪಾಲು ಜಾಸ್ತಿ. ಅಷ್ಟೇ.

ವಿಮಾನ ಕಂಪನಿಯೂ ಕಟ್ಟುತ್ತದೆ. ಇಳಿದದ್ದಕ್ಕೆ ಲ್ಯಾಂಡಿಂಗ್ ಚಾರ್ಜ್, ಅದು ವಿಮಾನದ ತೂಕದ ಮೇಲೆ. ನಿಂತದ್ದಕ್ಕೆ ಪಾರ್ಕಿಂಗ್. ಈಗ ಗಮನಿಸಿ. ಮುಂಬಯಿಯ ಅದೇ 2025ರ ಆದೇಶದಲ್ಲಿ ನಮ್ಮ ಯುಡಿಎಫ್ ಏರಿತು, ಕಂಪನಿಗಳ ಲ್ಯಾಂಡಿಂಗ್ ಚಾರ್ಜ್ ಇಳಿಯಿತು. ತಪ್ಪು ಅಂತ ನಾನು ಹೇಳುತ್ತಿಲ್ಲ. ಒಬ್ಬರಿಗೆ ಇಳಿಸಿದ ಹೊರೆ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ, ಅದನ್ನು ನೋಡಬೇಕು.

ಹಾಗಾದರೆ ವಿಮಾನ ಕಂಪನಿಗಳಿಗೆ ಈ ಚಾರ್ಜುಗಳಲ್ಲಿ ರಿಯಾಯಿತಿಯೇ ಬೇಡವೇ? ಬೇಕು. ಮಾಟುಂಗಾದಲ್ಲಿ ಹೋಟೆಲು ನಡೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಜನ ಬಾಗಿಲಲ್ಲಿ ನಿಂತಿರುವಾಗ ಯಾರೂ ದರ ಇಳಿಸುವುದಿಲ್ಲ. ಮೂರೂವರೆಗೆ ಟೇಬಲು ಖಾಲಿ ಇರುವಾಗ ಇಳಿಸಬಹುದು. ಹಳೆಯ ಮುಂಬಯಿ ಏರ್‌ಪೋರ್ಟಿನಲ್ಲಿ ಬಹುತೇಕ ಹೊತ್ತು ಒಂದು ಗಂಟೆಯ ರಶ್ಶೇ. ಎರಡು ರನ್‌ವೇ ಇವೆ, ಆದರೆ ಒಂದನ್ನೊಂದು ಅಡ್ಡ ಹಾಯುತ್ತವೆ, ಒಮ್ಮೆಗೆ ಒಂದೇ ಕೆಲಸಕ್ಕೆ ಬರುವುದು. ನವಿ ಮುಂಬಯಿಯ ಕಥೆ ಬೇರೆ. ಖಾಲಿ ಹೊತ್ತು ತುಂಬಬೇಕು, ಹೊಸ ಊರುಗಳಿಗೆ ವಿಮಾನ ಎಳೆಯಬೇಕು. ಅಲ್ಲಿ ರಿಯಾಯಿತಿ ಕೊಡಲಿ. ಆದರೆ ಬರೆದು ಕೊಡಲಿ. ಷರತ್ತು ಪೂರೈಸಿದ ಎಲ್ಲರಿಗೂ ಕೊಡಲಿ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದೊಂದೇ ಮಾತು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬೆಲ್ಜಿಯಂ ದೇಶದಲ್ಲಿ ಶಾರ್ಲರ್ವಾ ಅಂತ ಒಂದು ಊರಿದೆ. ರಾಜಧಾನಿ ಬ್ರಸೆಲ್ಸ್‌ನ ದಕ್ಷಿಣಕ್ಕೆ. ಒಂದು ಕಾಲಕ್ಕೆ ಕಲ್ಲಿದ್ದಲು, ಉಕ್ಕು ಅಂತ ಮೆರೆದ ಊರು. ಗಣಿ ಮುಚ್ಚಿದವು, ಕೆಲಸ ಹೋಯಿತು. ಏರ್‌ಪೋರ್ಟ್ ಇತ್ತು, ವಿಮಾನ ಹೆಚ್ಚಿರಲಿಲ್ಲ. ಅದು ಅಲ್ಲಿನ ಪ್ರಾಂತ್ಯ ಸರ್ಕಾರದ್ದು. 2001ರಲ್ಲಿ ರಯಾನ್‌ಏರ್ ಎಂಬ ಅಗ್ಗದ ದರದ ಕಂಪನಿ ಇಲ್ಲೇ ಬಿಡಾರ ಹೂಡಿತು. ಊರಿನವರಿಗೆ ಹೋದ ಜೀವ ಬಂದಂತಾಯಿತು. ಕಂಪನಿ ಕೇಳಿದ್ದನ್ನೆಲ್ಲ ಕೊಟ್ಟರು. ಲ್ಯಾಂಡಿಂಗ್ ಚಾರ್ಜ್ ಸುಮಾರು ಅರ್ಧಕ್ಕರ್ಧ. ಹೊಸ ಮಾರ್ಗ ತೆರೆದರೆ ಒಂದೊಂದಕ್ಕೆ 1,60,000 ಯೂರೋ. ಸಿಬ್ಬಂದಿಯ ಹೋಟೆಲ್ ಖರ್ಚು. ಪೈಲಟ್‌ಗಳ ತರಬೇತಿಗೂ ದುಡ್ಡು. ಅದೂ 15 ವರ್ಷಕ್ಕೆ ಬರೆದುಕೊಟ್ಟ ಮಾತು. ಮುಂದೆ ಸರ್ಕಾರವೇ ದರ ಏರಿಸಿದರೆ ಕಂಪನಿಗೆ ನಷ್ಟ ತುಂಬಿಕೊಡುವ ಭರವಸೆ ಬೇರೆ! ಇದೆಲ್ಲ ಇದ್ದದ್ದು ಇಬ್ಬರ ನಡುವಿನ ಒಪ್ಪಂದದಲ್ಲಿ. ಊರೆಲ್ಲ ಓದುವ ದರಪಟ್ಟಿಯಲ್ಲಿ ಅಲ್ಲ.

ದೂರು ಹೋಯಿತು. 2004ರ ಫೆಬ್ರವರಿಯಲ್ಲಿ ಯುರೋಪ್ ಒಕ್ಕೂಟದ ಆಡಳಿತ ನೋಡುವ ಯುರೋಪಿಯನ್ ಆಯೋಗ, ಇದರಲ್ಲಿ ಒಂದು ಭಾಗ ಅಕ್ರಮ ಸರ್ಕಾರಿ ನೆರವು, ವಾಪಸು ಕೊಡಿ ಎಂದಿತು. ಕಂಪನಿ ಕೋರ್ಟಿಗೆ ಹೋಯಿತು. 2008ರ ಡಿಸೆಂಬರ್‌ನಲ್ಲಿ ಕೋರ್ಟು ಆಯೋಗದ ತೀರ್ಪನ್ನೇ ರದ್ದು ಮಾಡಿತು. ಖಾಸಗಿ ಮಾಲೀಕನಾಗಿದ್ದರೂ ಇಂಥ ವ್ಯವಹಾರಕ್ಕೆ ಒಪ್ಪುತ್ತಿದ್ದನೋ ಇಲ್ಲವೋ, ಸರ್ಕಾರವನ್ನೂ ಏರ್‌ಪೋರ್ಟನ್ನೂ ಒಂದೇ ಅಂತ ಹಿಡಿದು ನೋಡಬೇಕಿತ್ತು ಅಂದಿತು. ಆಯೋಗ ಮತ್ತೆ ಮೊದಲಿನಿಂದ ಲೆಕ್ಕ ಹಾಕಿತು. 2014ರಲ್ಲಿ ಕಂಪನಿಯ ಒಪ್ಪಂದದಲ್ಲಿ ತಪ್ಪಿಲ್ಲ ಅಂತ ಹೇಳಿತು. ಹತ್ತು ವರ್ಷಕ್ಕೂ ಮೇಲೆ ಎಳೆದಾಟ! ಅಷ್ಟರಲ್ಲಿ ಊರಿಗೆ ಹೆಚ್ಚು ವಿಮಾನ ಬಂತು, ಜನ ಬಂದರು, ಕೆಲಸ ಬಂತು, ಅದು ಸುಳ್ಳಲ್ಲ. ಮೊದಲೇ ಪಟ್ಟಿ ಮಾಡಿ, ಇಷ್ಟು ಪ್ರಯಾಣಿಕರನ್ನು ತಂದವರಿಗೆ ಇಷ್ಟು, ಇಷ್ಟು ವರ್ಷ, ಯಾರು ಬೇಕಾದರೂ ಬನ್ನಿ ಅಂದಿದ್ದರೆ ಈ ಜಗಳದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸಮಯ ಓಡುತ್ತಿದೆ. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಕಂಪನಿಗಳಿಗೆ ಸಹಾಯಧನ ಕೊಡುವ ಉಡಾನ್ ಯೋಜನೆ ನಿಮಗೆ ಗೊತ್ತು. ಕಲಬುರಗಿ, ಬೀದರ್‌ಗೆ ವಿಮಾನ ಬಂದದ್ದು ಅದರಿಂದ. ಅಲ್ಲಿ ಸಹಾಯಧನ ಹರಾಜಿನಲ್ಲಿ ತೀರ್ಮಾನವಾಗುತ್ತದೆ, ಮೂರು ವರ್ಷ ಅಂತ ಗಡುವು ಇರುತ್ತದೆ. ಗಡುವಿನ ನಂತರ ಎಷ್ಟೋ ಮಾರ್ಗ ನಿಂತುಹೋದವು. ಹಾಗೆ ನಿಂತವು ಅಂತ ಲೆಕ್ಕಪರಿಶೋಧಕರು ಪತ್ತೆ ಮಾಡಿ ಹೇಳಲು ಸಾಧ್ಯವಾದದ್ದೇ ಎಲ್ಲ ಬರವಣಿಗೆಯಲ್ಲಿ ಇದ್ದದ್ದರಿಂದ.

ಗೋವಾದಲ್ಲಿ 2023ರ ಜನವರಿಯಿಂದ ಎರಡು ಏರ್‌ಪೋರ್ಟ್. ದಾಬೋಳಿಯ ಪ್ರಯಾಣಿಕರ ಟರ್ಮಿನಲ್ ನಡೆಸುವುದು ಸರ್ಕಾರದ ವಿಮಾನ ನಿಲ್ದಾಣ ಪ್ರಾಧಿಕಾರ, ಮೋಪಾ ನಡೆಸುವುದು ಖಾಸಗಿಯವರು. ನಡೆಸುವವರು ಬೇರೆ ಬೇರೆ, ಹಾಗಾಗಿ ವಿಮಾನ ಕಂಪನಿಗೆ ಚೌಕಾಸಿ ಮಾಡಲು ಜಾಗ ಇದೆ. ನಮ್ಮಲ್ಲಿ ಹಾಗಲ್ಲ. ಮುಂಬಯಿಯ ಎರಡೂ ಏರ್‌ಪೋರ್ಟ್ ನಡೆಸುವುದು ಅದಾನಿ ಸಮೂಹವೇ. ಪೈಪೋಟಿ ಇಲ್ಲದ ಕಡೆ ಬರೆದಿಟ್ಟ ನಿಯಮವೇ ನಮಗೆ ಆಸರೆ.

ಇನ್ನೊಂದು ವಿಷಯ, ಇದನ್ನು ಜನ ಬಳಸಿಕೊಳ್ಳುವುದೇ ಇಲ್ಲ ಅಂತ ನನಗೆ ಬೇಜಾರು. ದರ ನಿಗದಿ ಮಾಡುವ ಮೊದಲು ಏರಾ ಒಂದು ಸಮಾಲೋಚನಾ ಪತ್ರ ಹೊರಡಿಸುತ್ತದೆ. ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ವಿಮಾನ ಕಂಪನಿಗಳು ಕಳಿಸುತ್ತವೆ, ಅವುಗಳ ಸಂಘಗಳು ಕಳಿಸುತ್ತವೆ. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೇನು ಕಡಿಮೆ? ಡೊಂಬಿವಲಿಯಿಂದ ನೆರೂಲ್‌ವರೆಗೆ ಇವೆ, ವಕೀಲರಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ. ನವಿ ಮುಂಬಯಿಯ ದರದ ಪತ್ರ ಹೊರಬಿದ್ದಾಗ ಎರಡೇ ಪುಟ ಬರೆಯಿರಿ. ರಿಯಾಯಿತಿಯ ಪಟ್ಟಿ ಎಲ್ಲಿ, ಷರತ್ತು ಏನು, ಎಷ್ಟು ವರ್ಷಕ್ಕೆ, ಅದರ ಖರ್ಚು ಯುಡಿಎಫ್‌ನಲ್ಲಿ ಸೇರಿದೆಯೇ, ಅಂತ ಕೇಳಿ.

ನಮಸ್ಕಾರ.