ಹದಿಮೂರು ವರ್ಷ ಎದುರಾಳಿಯಿಲ್ಲದೆ ಹಾಡಿದ ಹಾಡು

ನಮಸ್ಕಾರ. ಟೆಕ್ಸಾಸ್ ರಾಜ್ಯದ ಕಾಲೇಜ್ ಸ್ಟೇಷನ್ ಎಂಬ ಊರಿನ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ ಒಂದೇ ಒಂದು ಪಂದ್ಯ ನೋಡಿದವರಿಗೂ ಮರೆಯಲಾಗದ ಸಂಗತಿಯೊಂದಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ರಣಗೀತೆ ಕೊನೆಯ ಭಾಗಕ್ಕೆ ಬರುತ್ತಿದ್ದಂತೆ ಪ್ರೇಕ್ಷಕರು ಅಕ್ಕಪಕ್ಕದವರ ಹೆಗಲ ಮೇಲೆ ಕೈಹಾಕಿ, ಕಾಲಿಗೆ ಕಾಲು ಹೆಣೆದು, ಒಂದು ಸಾಲು ಎಡಕ್ಕೆ ವಾಲಿದಾಗ ಮುಂದಿನ ಸಾಲು ಬಲಕ್ಕೆ ವಾಲುವಂತೆ, ಮರ ಕೊಯ್ಯುವ ಗರಗಸದ ಹಾಗೆ ತೂಗಾಡತೊಡಗುತ್ತಾರೆ. ಅವರು ಕೊಯ್ಯುತ್ತಿರುವುದು ಕೊಂಬನ್ನು. ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾಂಛನವಾದ ಲಾಂಗ್‌ಹಾರ್ನ್ ಎತ್ತಿನ ನೀಳ ಕೊಂಬನ್ನು. ಅತ್ತ ಆಸ್ಟಿನ್ನಿನವರ ರಣಗೀತೆಯಲ್ಲಿಯೂ ಎ ಅಂಡ್ ಎಂನ ಹೆಸರು ಹಿಡಿದು ಬೀಳ್ಕೊಡುವ ಸಾಲಿದೆ.

2011ರ ನವೆಂಬರಿನ ಪಂದ್ಯದ ನಂತರ 2024ರ ನವೆಂಬರಿನವರೆಗೆ ಈ ಎರಡು ತಂಡಗಳು ಫುಟ್‌ಬಾಲ್ ಮೈದಾನದಲ್ಲಿ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಆದರೂ ಎರಡೂ ಕಡೆಯವರು ಹಾಡನ್ನು ಬದಲಿಸಲಿಲ್ಲ. ಎದುರಿಗೆ ಬೇರೆ ಯಾವುದೋ ರಾಜ್ಯದ ತಂಡ ನಿಂತಿದ್ದಾಗಲೂ ಇವರು ಕೊಯ್ಯುತ್ತಿದ್ದುದು ಅದೇ ಕೊಂಬನ್ನು. ಆ ಹದಿಮೂರು ವರ್ಷಗಳ ಅಗಲಿಕೆ ಒಂದು ಅನ್ಯಾಯವಾಗಿತ್ತು ಎಂಬುದು, ಮತ್ತು ಇಂತಹ ಸಂಪ್ರದಾಯದ ನಿಜವಾದ ಒಡೆಯರು ಅದನ್ನು ಮುರಿದವರಲ್ಲ, ನಿಂತು ಹಾಡಿದವರು ಎಂಬುದು ನನ್ನ ಅಭಿಪ್ರಾಯ. ನಾನು ಈ ಎರಡು ವಿಶ್ವವಿದ್ಯಾಲಯಗಳಲ್ಲಿ ಯಾವುದರಲ್ಲಿಯೂ ಓದಿದವನಲ್ಲ. ದೂರದಿಂದ ನೋಡುತ್ತ ನೋಡುತ್ತ ಇದನ್ನು ಪ್ರೀತಿಸಲು ಕಲಿತವನು.

ಮೊದಲ ಬಾರಿಗೆ ಕೇಳುತ್ತಿರುವವರಿಗಾಗಿ ಒಂದು ಮಾತು. ಇದು ಕಾಲಿನಿಂದ ಚೆಂಡನ್ನು ಒದೆಯುತ್ತ ಸಾಗುವ, ನಮ್ಮವರಿಗೆ ಪರಿಚಿತವಾದ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಗಳನ್ನು ಮೈಯಿಂದ ತಡೆದು, ನೂರು ಗಜದ ಮೈದಾನದಲ್ಲಿ ಮುನ್ನುಗ್ಗುವ ಅಮೆರಿಕನ್ ಆಟ. ಕಾಲೇಜು ವಿದ್ಯಾರ್ಥಿಗಳು ಆಡುವ ಈ ಪಂದ್ಯಗಳಿಗೆ ಸೇರುವ ಜನ ಎಷ್ಟೆಂದರೆ ಕೈಲ್ ಫೀಲ್ಡ್ ಒಂದರಲ್ಲಿಯೇ 1,02,733 ಆಸನಗಳಿವೆ.

ಈ ವೈರದ ಬೇರು ಎರಡು ಸಂಸ್ಥೆಗಳ ಹುಟ್ಟಿನಲ್ಲಿಯೇ ಇದೆ. ಎ ಅಂಡ್ ಎಂ 1876ರಲ್ಲಿ ತೆರೆದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು. ಸುತ್ತಲೂ ಬಯಲು, ಒಳಗೆ ಸೈನಿಕ ಶಿಸ್ತು, 1965ರವರೆಗೂ ಕೆಡೆಟ್ ತರಬೇತಿ ಕಡ್ಡಾಯ. ಟೆಕ್ಸಾಸ್ ವಿಶ್ವವಿದ್ಯಾಲಯ 1883ರಲ್ಲಿ ರಾಜಧಾನಿಯಲ್ಲಿ ಆರಂಭವಾದದ್ದು; ವಕೀಲರು, ರಾಜಕಾರಣಿಗಳು, ಅಧಿಕಾರಸ್ಥರ ಮಕ್ಕಳು ಓದುವ ಜಾಗವೆಂದು ಹೆಸರು ಪಡೆದದ್ದು. ಒಂದೇ ಮನೆಯಲ್ಲಿ ಅಣ್ಣ ಒಂದರಲ್ಲಿ ಓದಿ ತಮ್ಮ ಇನ್ನೊಂದರಲ್ಲಿ ಓದಿದ ಕುಟುಂಬಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ. 1894ರಲ್ಲಿ ಮೊದಲ ಬಾರಿ ಆಡಿದ ಇವರು 2011ರ ಹೊತ್ತಿಗೆ 118 ಬಾರಿ ಎದುರುಬದುರಾಗಿದ್ದರು, ಮತ್ತು ಅದರಲ್ಲಿ ಬಹುಪಾಲು ಪಂದ್ಯಗಳು ನಡೆದದ್ದು ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ, ಮನೆಮಂದಿಯೆಲ್ಲ ಒಂದೆಡೆ ಸೇರುವ ಕಾಲದಲ್ಲಿ.

ಎ ಅಂಡ್ ಎಂನ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೂ ಕುಳಿತುಕೊಳ್ಳುವುದಿಲ್ಲ. ಇದಕ್ಕೆ ಕಾರಣವಾದ ಘಟನೆ ನಡೆದದ್ದು 1922ರ ಜನವರಿ 2ರಂದು, ಡಲ್ಲಾಸ್ ನಗರದಲ್ಲಿ. ಹಿಂದಿನ ವರ್ಷವಷ್ಟೇ ಹಾರ್ವರ್ಡ್ ತಂಡವನ್ನು ಸೋಲಿಸಿ ಹೆಸರಾಗಿದ್ದ ಸೆಂಟರ್ ಕಾಲೇಜಿನ ವಿರುದ್ಧ ಆಡುತ್ತಿದ್ದ ಎ ಅಂಡ್ ಎಂನ ಆಟಗಾರರು ಒಬ್ಬರ ನಂತರ ಒಬ್ಬರು ಗಾಯಗೊಂಡು ಹೊರಬೀಳುತ್ತಿದ್ದರು. ಆಗ ತರಬೇತುದಾರ ಡಾನಾ ಬೈಬಲ್, ಪತ್ರಕರ್ತರ ಕೊಠಡಿಯಲ್ಲಿ ಆಟಗಾರರನ್ನು ಗುರುತಿಸಿ ಹೇಳುತ್ತ ನಿಂತಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಗೆ ಹೇಳಿಕಳುಹಿಸಿದರು. ಗಿಲ್ ಕೆಳಗಿಳಿದು ಬಂದು, ಗಾಯಾಳುವಿನ ಸಮವಸ್ತ್ರ ತೊಟ್ಟು, ಕರೆದರೆ ಆಡಲು ಸಿದ್ಧನಾಗಿ ಮೈದಾನದ ಅಂಚಿನಲ್ಲಿ ನಿಂತ. ಕರೆ ಬರಲೇ ಇಲ್ಲ. ತಂಡ 22–14ರಿಂದ ಗೆದ್ದಿತು, ಗಿಲ್ ಒಂದು ಕ್ಷಣವೂ ಆಡಲಿಲ್ಲ. ಮೈದಾನದಲ್ಲಿ ಆಡುವವರು ಹನ್ನೊಂದು ಮಂದಿ. ಹನ್ನೆರಡನೆಯವನು ಸಿದ್ಧನಾಗಿ ನಿಂತವನು. ಗೋಲು ಹೊಡೆದವನ ಹೆಸರನ್ನು ಯಾವ ಊರಾದರೂ ನೆನೆಯುತ್ತದೆ, ಆಡದೆ ಕಾದು ನಿಂತವನನ್ನು ಶತಮಾನ ಕಾಲ ನೆನೆಯುವ ಜನರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ತಂಡಕ್ಕೆ ಬೇಕಾದರೆ ತಾವೂ ಇಳಿಯಬಲ್ಲೆವು ಎಂದು ತೋರಿಸುವುದಕ್ಕಾಗಿಯೇ ಇಂದಿಗೂ ಸಾವಿರಾರು ವಿದ್ಯಾರ್ಥಿಗಳು ಗಂಟೆಗಟ್ಟಲೆ ನಿಲ್ಲುತ್ತಾರೆ.

ಅವರಲ್ಲಿ ಚಿಯರ್‌ಲೀಡರ್‌ಗಳ ಪದ್ಧತಿಯೂ ಇಲ್ಲ. ವಿದ್ಯಾರ್ಥಿಗಳೇ ಮತ ಹಾಕಿ ಆರಿಸಿದ ಐವರು ಯೆಲ್ ಲೀಡರ್‌ಗಳು ಕೈಸನ್ನೆ ಮಾಡುತ್ತಾರೆ, ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ ಕೂಗುತ್ತದೆ. ಪಂದ್ಯದ ಹಿಂದಿನ ನಡುರಾತ್ರಿ ಅದೇ ಕ್ರೀಡಾಂಗಣದಲ್ಲಿ ಆ ಕೂಗಿನ ಅಭ್ಯಾಸವೂ ನಡೆಯುತ್ತದೆ.

ಇಷ್ಟೊಂದು ಕೂಗಾಟ, ಕೊಂಬು ಕೊಯ್ಯುವ ಅಭಿನಯ, ಎದುರಾಳಿಯ "ಯು.ಟಿ." ಎಂಬ ಹೆಸರನ್ನು ಸರಿಯಾಗಿ ಹೇಳಲೂ ಒಪ್ಪದೆ "ಟಿ.ಯು." ಎಂದು ತಿರುಚಿ ಕರೆಯುವ ಹಟ, ಇವನ್ನೆಲ್ಲ ನೋಡಿದವರಿಗೆ ಇದು ದ್ವೇಷವೆಂದೇ ಅನ್ನಿಸಬಹುದು. ಆದರೆ ಬೀವೋ ಎಂಬ ಎತ್ತಿನ ಕಥೆಯನ್ನು ಕೇಳಿ. 1916ರ ಥ್ಯಾಂಕ್ಸ್‌ಗಿವಿಂಗ್ ಪಂದ್ಯದಲ್ಲಿ ಆಸ್ಟಿನ್ನಿನವರು ಮೊದಲ ಬಾರಿಗೆ ಒಂದು ಲಾಂಗ್‌ಹಾರ್ನ್ ಎತ್ತನ್ನು ಮೈದಾನಕ್ಕೆ ತಂದರು. ಮರುವರ್ಷದ ಫೆಬ್ರುವರಿಯಲ್ಲಿ ಎ ಅಂಡ್ ಎಂನ ಹುಡುಗರು ಅದು ಇದ್ದಲ್ಲಿಗೆ ನುಗ್ಗಿ, 1915ರಲ್ಲಿ ತಾವು ಗೆದ್ದ 13–0 ಎಂಬ ಅಂಕಿಯನ್ನು ಅದರ ಮೈಮೇಲೆ ಬರೆಹಾಕಿಬಿಟ್ಟರು. ಆ ಪ್ರಾಣಿಗೆ ಆದದ್ದು ಕ್ರೌರ್ಯವೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಕೊನೆಗೆ 1920ರ ಜನವರಿಯಲ್ಲಿ ಆಸ್ಟಿನ್ನಿನ ಔತಣಕೂಟದಲ್ಲಿ ಬೀವೋ ಊಟವಾಯಿತು. ಆ ಔತಣಕ್ಕೆ ಆಸ್ಟಿನ್ನಿನವರು ಎ ಅಂಡ್ ಎಂನವರನ್ನೇ ಕರೆದು ಪಕ್ಕದಲ್ಲಿ ಕೂರಿಸಿ ಬಡಿಸಿದರು, 13–0 ಎಂದು ಬರೆಯಿದ್ದ ಚರ್ಮವನ್ನು ಅವರ ಕೈಗೇ ಒಪ್ಪಿಸಿದರು. ದ್ವೇಷಿಸುವವರು ಹೀಗೆ ಪಂಕ್ತಿಯಲ್ಲಿ ಕರೆದು ಕೂರಿಸುವುದಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ದೊರೆತದ್ದು 1999ರಲ್ಲಿ, ಬಹು ದೊಡ್ಡ ಬೆಲೆ ತೆತ್ತು. ಟೆಕ್ಸಾಸ್ ವಿರುದ್ಧದ ಪಂದ್ಯಕ್ಕೆ ಮೊದಲು ಎ ಅಂಡ್ ಎಂನ ವಿದ್ಯಾರ್ಥಿಗಳು 1909ರಿಂದಲೂ ಬಾನ್‌ಫೈರ್ ಎಂಬ ದೊಡ್ಡ ಬೆಂಕಿ ಹಚ್ಚುತ್ತಿದ್ದರು. ಕಸಕಡ್ಡಿಯ ರಾಶಿಯಿಂದ ಆರಂಭವಾದದ್ದು ಬರಬರುತ್ತ ಸಾವಿರಾರು ದಿಮ್ಮಿಗಳ ಗೋಪುರವಾಯಿತು. 1969ರಲ್ಲಿ ಅದರ ಎತ್ತರ 109 ಅಡಿಯನ್ನು ಮುಟ್ಟಿತ್ತು. ಮರ ಕಡಿಯುವುದು, ಸಾಗಿಸುವುದು, ತಂತಿಯಿಂದ ಬಿಗಿದು ನಿಲ್ಲಿಸುವುದು, ಎಲ್ಲವೂ ವಿದ್ಯಾರ್ಥಿಗಳದೇ ದುಡಿಮೆ. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದಾಗ ಕಟ್ಟಿದ್ದನ್ನು ಹಚ್ಚದೆಯೇ ಬಿಚ್ಚಿದರು. 1999ರ ನವೆಂಬರ್ 18ರ ನಸುಕಿನಲ್ಲಿ, ವಿದ್ಯಾರ್ಥಿಗಳು ಇನ್ನೂ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗಲೇ, ಆ ಗೋಪುರ ಕುಸಿಯಿತು. ಹನ್ನೊಂದು ವಿದ್ಯಾರ್ಥಿಗಳು ಮತ್ತು ಒಬ್ಬ ಹಳೆಯ ವಿದ್ಯಾರ್ಥಿ ಸತ್ತರು, ಇಪ್ಪತ್ತೇಳು ಮಂದಿ ಗಾಯಗೊಂಡರು.

ತನಿಖಾ ಆಯೋಗವು ದಿಮ್ಮಿಗಳ ಒಳಒತ್ತಡವನ್ನು ತಡೆದುಕೊಳ್ಳುವಷ್ಟು ಬಿಗಿ ಆ ಗೋಪುರಕ್ಕೆ ಇರಲಿಲ್ಲವೆಂದೂ, ಇಂತಹ ಕಟ್ಟಡದ ಮೇಲೆ ತಕ್ಕ ಮೇಲ್ವಿಚಾರಣೆ ಇಲ್ಲದಿದ್ದುದೂ ಕಾರಣವೆಂದೂ ಹೇಳಿತು. ಸಂಪ್ರದಾಯವೆಂಬ ಒಂದೇ ಕಾರಣಕ್ಕೆ ಯಾರೂ ಪ್ರಶ್ನಿಸದೆ ಬಿಟ್ಟದ್ದು ಮಕ್ಕಳ ಪ್ರಾಣ ತೆಗೆಯಿತು. ಸಂಪ್ರದಾಯವನ್ನು ಉಳಿಸಬೇಕೆಂದು ವಾದಿಸುವ ನಾನು ಈ ಮಾತನ್ನು ಮುಚ್ಚಿಡಲಾರೆ. ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ಬಾನ್‌ಫೈರನ್ನು ನಿಲ್ಲಿಸಿದ್ದು ಸರಿಯಾದ ನಿರ್ಧಾರ.

ಆ ವಾರ ಆಸ್ಟಿನ್ನಿನಲ್ಲಿ ನಡೆದದ್ದನ್ನು ನೆನೆದರೆ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ಎದುರಾಳಿಗೆ ಕೇಡು ಬಯಸಿ ಪ್ರತಿವರ್ಷ ನಡೆಸುತ್ತಿದ್ದ ಸಭೆಯನ್ನು ಅವರು ಕೈಬಿಟ್ಟು, ಅದರ ಬದಲು ಎರಡೂ ವಿಶ್ವವಿದ್ಯಾಲಯದವರು ಒಟ್ಟಿಗೆ ಸೇರಿ ಶೋಕಿಸುವ ಸಭೆ ನಡೆಸಿದರು. ನವೆಂಬರ್ 26ರಂದು ಪಂದ್ಯದ ನಡುವಿನ ವಿರಾಮದಲ್ಲಿ ಆಸ್ಟಿನ್ನಿನ ವಾದ್ಯವೃಂದವು ಎದುರಾಳಿಯ ಮೈದಾನದಲ್ಲಿ ನಿಂತು ಸತ್ತವರಿಗಾಗಿ ಶೋಕಗೀತೆ ನುಡಿಸಿ, ತಲೆಯ ಮೇಲಿನ ಬಿಳಿ ಹ್ಯಾಟುಗಳನ್ನು ತೆಗೆದು ಗೌರವ ಸಲ್ಲಿಸಿತು. ವಿರಾಮದ ಹೊತ್ತಿಗೆ 16–6ರಿಂದ ಹಿಂದಿದ್ದ ಎ ಅಂಡ್ ಎಂ ಕೊನೆಗೆ 20–16ರಿಂದ ಗೆದ್ದಿತು. ಎದುರಾಳಿಯ ಕೈತಪ್ಪಿದ ಚೆಂಡನ್ನು ಹಿಡಿದು ಗೆಲುವನ್ನು ಖಚಿತಪಡಿಸಿದ ಬ್ರಯಾನ್ ಗ್ಯಾಂಬಲ್ ಮಂಡಿಯೂರಿ ಎರಡೂ ಕೈಗಳನ್ನು ಆಕಾಶಕ್ಕೆ ಚಾಚಿದ ಚಿತ್ರ ಆ ರಾಜ್ಯದ ನೆನಪಿನಲ್ಲಿ ಅಚ್ಚಳಿಯದೆ ಉಳಿದಿದೆ. ಕುಸಿದ ಜಾಗದಲ್ಲಿ ಈಗ ಹನ್ನೆರಡು ದ್ವಾರಗಳ ಸ್ಮಾರಕವಿದೆ. ಪ್ರತಿಯೊಂದು ದ್ವಾರವೂ ಸತ್ತ ಒಬ್ಬೊಬ್ಬರ ಹುಟ್ಟೂರಿನ ದಿಕ್ಕಿಗೆ ಮುಖಮಾಡಿದೆ.

ಇಂತಹ ನಂಟನ್ನು ಹನ್ನೆರಡು ವರ್ಷಗಳ ನಂತರ ಕಡಿದುಹಾಕಿದ್ದು ಯಾವುದು? ದೂರದರ್ಶನದ ಹಣ. 2011ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ಇಎಸ್‌ಪಿಎನ್ ಎಂಬ ಕ್ರೀಡಾ ವಾಹಿನಿಯ ಜೊತೆ ಇಪ್ಪತ್ತು ವರ್ಷಕ್ಕೆ 30 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ತನ್ನದೇ ವಾಹಿನಿ ಆರಂಭಿಸಿತು. ತಮ್ಮತಮ್ಮಲ್ಲಿ ಪಂದ್ಯವಾಡುವ ವಿಶ್ವವಿದ್ಯಾಲಯಗಳ ಒಂದೇ ಒಕ್ಕೂಟದಲ್ಲಿ ಒಬ್ಬರಿಗೆ ಇಷ್ಟು ಬಲ ಬಂದದ್ದನ್ನು ಸಹಿಸದ ಎ ಅಂಡ್ ಎಂ ಬಿಗ್ 12 ಒಕ್ಕೂಟವನ್ನು ತೊರೆದು 2012ರಲ್ಲಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಎಂಬ ಇನ್ನೊಂದು ಒಕ್ಕೂಟ ಸೇರಿತು. ಒಕ್ಕೂಟ ಬೇರೆಯಾದರೂ ಪಂದ್ಯವನ್ನು ಉಳಿಸಿಕೊಳ್ಳಲು ಯಾವ ನಿಯಮವೂ ಅಡ್ಡಿಯಾಗಿರಲಿಲ್ಲ; ಅಡ್ಡಿಯಾದದ್ದು ಮುನಿಸು. ವರ್ಷಕ್ಕೊಮ್ಮೆ ಇವರು ಆಡಲೇಬೇಕೆಂದು 2013ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸುವವರೆಗೂ ಮಾತು ಹೋಯಿತು, ಆದರೆ ಅದರಿಂದ ಪಂದ್ಯ ಮರಳಲಿಲ್ಲ. 2011ರಲ್ಲಿ ಹತ್ತು ವರ್ಷದವನಾಗಿದ್ದ ಬಾಲಕ ಎ ಅಂಡ್ ಎಂ ಸೇರಿ, ನಾಲ್ಕು ವರ್ಷ ನಿಂತೇ ಪಂದ್ಯ ನೋಡಿ, ಕೊಂಬು ಕೊಯ್ದು, ಪದವಿ ಪಡೆದು ಹೊರನಡೆದ. ಆ ಕೊಂಬಿನವರು ಒಮ್ಮೆಯೂ ಅವನೆದುರು ಬರಲಿಲ್ಲ. ಅವನಿಂದ ಕಸಿದುಕೊಂಡದ್ದನ್ನು ಯಾವ ಒಪ್ಪಂದದ ಮೊತ್ತವೂ ತುಂಬಿಕೊಡಲಾರದು.

ಕೊನೆಗೆ ಪಂದ್ಯ ಮರಳಿ ಬಂದದ್ದೂ ಅಭಿಮಾನಿಗಳ ಮೇಲಿನ ಕರುಣೆಯಿಂದಲ್ಲ. 2024ರಲ್ಲಿ ಟೆಕ್ಸಾಸ್ ಕೂಡ ಎಸ್‌ಇಸಿ ಸೇರಿತು, ಆ ವಾಹಿನಿಯೂ ಮುಚ್ಚಿತು. ಅದೇ ಒಕ್ಕೂಟಕ್ಕೆ ನೆರೆರಾಜ್ಯದ ಓಕ್ಲಹೋಮ ವಿಶ್ವವಿದ್ಯಾಲಯ ಬಂದದ್ದರಿಂದ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಅದು ಶತಮಾನಕ್ಕೂ ಹೆಚ್ಚು ಕಾಲ ಆಡಿಕೊಂಡು ಬಂದಿದ್ದ ಪಂದ್ಯ 2023ಕ್ಕೆ ನಿಂತುಹೋಯಿತು. ಒಂದು ಮನೆಯ ದೀಪವನ್ನು ಇನ್ನೊಂದು ಮನೆಗೆ ಒಯ್ದಂತಾಯಿತು. ಇಂತಹ ಕೆಲವು ಪಂದ್ಯಗಳನ್ನಾದರೂ, ಯಾರು ಯಾವ ಒಕ್ಕೂಟಕ್ಕೆ ಹೋದರೂ ಆಡಿಯೇ ತೀರಬೇಕೆಂದು ವಿಶ್ವವಿದ್ಯಾಲಯಗಳು ಲಿಖಿತವಾಗಿ ಒಪ್ಪಿಕೊಳ್ಳಬೇಕೆಂದು ನಾನು ಕೇಳುತ್ತೇನೆ.

ಎ ಅಂಡ್ ಎಂನವರಿಗೆ ಇನ್ನೊಂದು ಪದ್ಧತಿಯಿದೆ. ತಂಡ ಸೋತ ದಿನ ಅವರು ಮನೆಗೆ ಧಾವಿಸುವುದಿಲ್ಲ. ನಿಂತಲ್ಲಿಯೇ ನಿಂತು ಮುಂದಿನ ಪಂದ್ಯಕ್ಕಾಗಿ ಕೂಗಿನ ಅಭ್ಯಾಸ ಮಾಡುತ್ತಾರೆ. 2011ರ ನವೆಂಬರ್ 24ರ ರಾತ್ರಿ ಟೆಕ್ಸಾಸ್ ತಂಡದ ಜಸ್ಟಿನ್ ಟಕ್ಕರ್ ಕೊನೆಯ ಕ್ಷಣದಲ್ಲಿ ಒದ್ದ ಚೆಂಡಿನಿಂದ ಅವರು 27–25ರಿಂದ ಸೋತಾಗ, ಟೆಕ್ಸಾಸ್ ವಿರುದ್ಧ ಮುಂದಿನ ಪಂದ್ಯವೆಂಬುದೇ ಇರಲಿಲ್ಲ. 2024ರ ನವೆಂಬರ್ 30ರಂದು ಅದೇ ಮೈದಾನದಲ್ಲಿ 17–7ರಿಂದ ಮತ್ತೆ ಸೋತರು. ಆದರೆ ಈ ಬಾರಿ ಮುಂದಿನ ನವೆಂಬರಿನಲ್ಲಿ ಆಸ್ಟಿನ್ನಿಗೆ ಹೋಗುವುದಿದೆ ಎಂಬುದು ಅವರಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು.